ನಲವತ್ತೊಂದು ಕಡೆ ಗುಸೂನ್

"ಗುಸೂನ್ ಅನ್ನು ಅಳಿಸಲೇ? ಹೌದು, ಇಲ್ಲ."

ತೆರೆಯ ಮೇಲೆ ತನ್ನದೇ ಹೆಸರು ಕಂಡು ಗುಸೂನ್ ಹೌಹಾರಿದಳು. ಬೆನ್ನ ಹಿಂದೆ ಅರೀಜ್ ಬಿದ್ದೂ ಬಿದ್ದೂ ನಗುತ್ತಿದ್ದಳು.

"'ಇಲ್ಲ' ಅಂತ ಒತ್ತೇ ಮಾರಾಯ್ತಿ! ನೀನೇ ಅಳಿಸಿಹೋದ್ರೆ ನಮಗ್ಯಾರು ಗತಿ?"

ಅಮ್ಮಾನ್‌ನಲ್ಲಿ ಅರೀಜ್‌ಳ ಮನೆಯ ತಾರಸಿ ಮೇಲೆ ಪ್ರತಿ ಶನಿವಾರ ಸೇರುವ ಗೆಳೆಯರು ಕಟ್ಟಿದ್ದು ಈ ಝೈತೂನಾ. ಓದಿದ್ದು, ಕೇಳಿದ್ದು, ಹೊಳೆದದ್ದನ್ನೆಲ್ಲ ಟಿಪ್ಪಣಿ ಮಾಡಿ, ಒಂದಕ್ಕೊಂದು ಕೊಂಡಿ ಹಾಕಿ ಮರದಂತೆ ಬೆಳೆಸುವ ಸಾಫ್ಟ್‌ವೇರ್. ಅದರ ಕೋಡನ್ನು ಯಾರು ಬೇಕಾದರೂ ನೋಡಬಹುದು, ತಿದ್ದಿ ಕಳಿಸಬಹುದು. ಕಳಿಸಿದ್ದನ್ನು ಒಪ್ಪುವುದೂ ಬಿಡುವುದೂ ಗುಸೂನ್‌ಳ ಕೈಯಲ್ಲಿತ್ತು. ಅರಬ್ಬಿ ಅನುವಾದವನ್ನು ಮಾತ್ರ ಅವಳು ಕಣ್ಣುಮುಚ್ಚಿ ಒಪ್ಪುತ್ತಿದ್ದಳು, ಏಕೆಂದರೆ ಅದು ಮುಸನ್ನಾನ ಕೆಲಸ. ಅವನು ಸಾಲ್ಟ್ ಊರಿನ ಶಾಲೆಯಲ್ಲಿ ಅರಬ್ಬಿ ಮೇಷ್ಟ್ರು. ಮಾತು ಕಡಿಮೆ, ನೋಟ ಜಾಸ್ತಿ.

ಒಂದು ಟಿಪ್ಪಣಿಯಿಂದ ಕವಲೊಡೆಯುವ ಮರಿ ಟಿಪ್ಪಣಿಗಳನ್ನು ಅವನು 'ಗುಸೂನ್' ಎಂದು ಕರೆದಿದ್ದ. ಗುಸೂನ್ ಎಂದರೆ ಕೊಂಬೆಗಳು, ಅರ್ಥವೇನೋ ಸರಿಯೇ. ಆದರೆ 'ಗುಸೂನ್ ಅಡಗಿಸು', 'ಗುಸೂನ್ ಜರುಗಿಸು' ಎಂದು ನಲವತ್ತೊಂದು ಕಡೆ! ಮೂಗಿನ ತುದಿಯ ಕೋಪ ಅವಳದು. ಎಲ್ಲರೂ ಓದುವ ಪುಟದಲ್ಲೇ ಬರೆದುಬಿಟ್ಟಳು: "ಅನುವಾದಕರು ನನ್ನ ಹೆಸರಿನ ಜೊತೆ ಆಟ ಆಡೋದು ನಿಲ್ಲಿಸಿ, 'ಶಾಖೆ' ಅಂತ ಬರೀಲಿ."

ಮುಸನ್ನಾನ ಉತ್ತರ ಚಿಕ್ಕದು. "ಬ್ಯಾಂಕಿಗೆ ಶಾಖೆ ಇರುತ್ತೆ ಇಂಜಿನಿಯರಮ್ಮ, ಮರಕ್ಕೆ ಇರೋದು ಕೊಂಬೆ. ಆದ್ರೂ ನಿಮಗೆ ನೋವಾಗಿದ್ರೆ ಬದಲಾಯಿಸ್ತೀನಿ."

ಗುರುವಾರ ಬದಲಾವಣೆ ಬಂತು. ಎಲ್ಲ ಕಡೆ ಈಗ 'ಶಾಖೆಗಳು'. ಕೆಳಗೊಂದು ಸಾಲಿತ್ತು: "ಇದೇ ನನ್ನ ಕೊನೆ ಕೆಲಸ. ಶನಿವಾರ ಬಂದು ಪದಪಟ್ಟಿ ಒಪ್ಪಿಸಿ ಹೋಗ್ತೀನಿ."

ಅವಸರದಲ್ಲಿ ಅವನು ಒಂದೇ ಏಟಿಗೆ ಎಲ್ಲವನ್ನೂ ಬದಲಾಯಿಸಿದ್ದ. ಝೈತೂನಾ ಕಟ್ಟಿದವರ ಪಟ್ಟಿಯಲ್ಲಿ ಗುಸೂನ್ ಹದ್ದಾದೀನ್ ಹೋಗಿ 'ಶಾಖೆಗಳು ಹದ್ದಾದೀನ್' ಆಗಿದ್ದಳು. ಅದನ್ನು ನೋಡಿ ಅವಳಿಗೆ ನಗು ಬಂತು. ಆದರೆ ಮೇಷ್ಟ್ರಿಲ್ಲದ ಶನಿವಾರಗಳು ಅವಳಿಗೆ ಬೇಡವಾಗಿದ್ದವು. ಇಷ್ಟು ದಿನ ಇದು ತನಗೇ ತಿಳಿದಿರಲಿಲ್ಲವಲ್ಲ!

ಯಾವ ಸಾಲನ್ನು ಯಾರು, ಯಾವಾಗ ಬರೆದರು ಎಂದು ತೋರಿಸುವ ಆಜ್ಞೆಯೊಂದು ಕೋಡ್ ಬರೆಯುವವರ ಬಳಿ ಇದೆ. ಅದಕ್ಕೆ 'ಬ್ಲೇಮ್' ಎಂದು ಹೆಸರು, ಅಂದರೆ ದೂರು. ಗುಸೂನ್ ಅದನ್ನು ಓಡಿಸಿದಳು. ಮೊದಲ ವರ್ಷವಿಡೀ ಮೇಷ್ಟ್ರು 'ಶಾಖೆ' ಎಂದೇ ಬರೆದಿದ್ದರು! ಅದು 'ಗುಸೂನ್' ಆಗಿದ್ದು ಜನವರಿ ಹದಿನಾಲ್ಕರ ಸಂಜೆ. ಅವನು ಮೊದಲ ಸಲ ತಾರಸಿಗೆ ಬಂದ ದಿನ ಅದು. ಅಲ್ಲಿಯವರೆಗೆ ಅವನಿಗೆ ಅವಳು ಬರಿ 'ಜಿ. ಹದ್ದಾದೀನ್'. ಅಂದು ಅವಳು ಪೂರ್ತಿ ಹೆಸರು ಹೇಳಿದಾಗ ಅವನ ತುಟಿ ಸದ್ದಿಲ್ಲದೆ ಒಮ್ಮೆ ಅಲುಗಿತ್ತು.

ಶನಿವಾರ ಮಧ್ಯಾಹ್ನ ಅವನು ಪದಪಟ್ಟಿ ಹಿಡಿದು ಬಂದ. ಕೂರುವ ಮೊದಲೇ ಅವಳು ಕೇಳಿದಳು.

"ಮೇಷ್ಟ್ರೇ, ಮೊದಲು ಎಲ್ಲಾ ಕಡೆ 'ಶಾಖೆ'ನೇ ಇತ್ತಲ್ಲ?"

ಅವನ ಕಿವಿ ಕೆಂಪಾಯಿತು. "ನೋಡಿಬಿಟ್ರಾ?"

"ಜನವರಿ ಹದಿನಾಲ್ಕು, ಸಂಜೆ ಏಳೂಕಾಲು. ಸಾಲ್ಟ್ ಬಸ್ಸಲ್ಲಿ ಕೂತೇ ಬದಲಾಯಿಸಿದೀರಿ. ಮನೆ ಮುಟ್ಟೋವರೆಗೂ ತಡ್ಕೊಳ್ಳೋಕಾಗ್ಲಿಲ್ವಾ?"

"ಪದ ಸರಿಯಾಗೇ ಇತ್ತು."

"ಪದ ಸರಿ. ಕಾರಣ?"

ಅವನು ಪದಪಟ್ಟಿಯ ಅಂಚನ್ನು ಮಡಚಿದ, ಬಿಚ್ಚಿದ. "ಬಾಯಿಬಿಟ್ಟು ಕರೆಯೋ ಧೈರ್ಯ ಇರ್ಲಿಲ್ಲ, ಇಂಜಿನಿಯರಮ್ಮ. ಬರೆಯೋಕೆ ಒಂದು ನೆಪ ಸಿಕ್ತು."

"ನಿಮ್ಮ ಕೊನೆ ಕೆಲಸಾನ ನಾನು ಒಪ್ಪಿಲ್ಲ," ಎಂದಳು ಗುಸೂನ್. "ಮರಕ್ಕೆ ಕೊಂಬೇನೇ ಸರಿ ಅಂತ ಅದೇ ಪುಟದಲ್ಲಿ ಬರೆದಿದೀನಿ. ನನ್ನದು ತಪ್ಪಾಯ್ತು ಅಂತಾನೂ."

ಅಷ್ಟರಲ್ಲಿ ಅರೀಜ್ ಏಲಕ್ಕಿಯ ಕಹಿ ಕಾಫಿ ತಂದು, ಪುಟ್ಟ ಬಟ್ಟಲಿಗೆ ಸುರಿದು ಅವನ ಕೈಗಿತ್ತಳು. ಅವನು ಅದನ್ನು ತುಟಿಗೆ ಒಯ್ಯಲಿಲ್ಲ. ಮೆಲ್ಲಗೆ ಮೇಜಿನ ಮೇಲಿಟ್ಟ.

ಅರೀಜ್‌ಳ ಕೈ ಅಲ್ಲೇ ನಿಂತಿತು. ಹೆಣ್ಣು ಕೇಳಲು ಬಂದ ಹಿರಿಯರು ಮಾಡುವ ಕೆಲಸ ಅದು. ಕೇಳಿದ್ದು ಸಿಗುವವರೆಗೆ ಅವರು ಕಾಫಿ ಮುಟ್ಟುವುದಿಲ್ಲ.

"ಅಯ್ಯೋ ಮೇಷ್ಟ್ರೇ, ಇದನ್ನ ಅವಳಪ್ಪನ ಮನೇಲಿ ಮಾಡ್ಬೇಕು, ನನ್ನ ತಾರಸಿ ಮೇಲಲ್ಲ!"

"ಅಲ್ಲಿಗೂ ಹಿರಿಯರನ್ನ ಕರ್ಕೊಂಡು ಬರ್ತೀನಿ," ಎಂದ ಮುಸನ್ನಾ. ಅವನ ಕಣ್ಣು ಗುಸೂನ್‌ಳನ್ನು ಬಿಟ್ಟು ಕದಲಲಿಲ್ಲ. "ಮೊದಲು ಇಲ್ಲಿ ಕೇಳ್ಬೇಕು ಅನ್ನಿಸ್ತು."

ಇನ್ನೊಂದಿಷ್ಟು ಹೊತ್ತು ಕಾಯಿಸಿ ಸತಾಯಿಸಬೇಕೆಂದು ಅವಳಿಗೆ ಆಸೆಯಿತ್ತು. ಬಟ್ಟಲಿನ ಮೇಲಿನ ಹಬೆ ಕರಗುತ್ತಾ ಬಂತು. ಅವಳಿಂದ ಆಗಲಿಲ್ಲ.

"ಆರಿಹೋಗತ್ತೆ, ಮುಸನ್ನಾ," ಎಂದಳು. ಮೇಷ್ಟ್ರು ಎನ್ನದೆ ಅವಳು ಅವನನ್ನು ಕರೆದದ್ದು ಅದೇ ಮೊದಲು. "ಕುಡಿ."