ಹಗ್ಗ ನೋಡುವ ಕೆಲಸ

“ಹಗ್ಗಾನಾ?”

ರದ್ವಾ ಕೊನೇ ಮೆಟ್ಟಿಲ ಮೇಲೇ ನಿಂತುಬಿಟ್ಟಳು. ಬೀದಿಯಲ್ಲಿ ಅವಳ ಅಪ್ಪ, ಅಂದರೆ ಬಾಬಾ, ಮೊಣಕಾಲೂರಿ ಕೂತು, ತಮ್ಮ ಹಳೇ ಕಾರು ಮಿಶ್ಮಿಶ್‌ನ ಮೂತಿಯ ಕೆಳಗೆ ತಲೆ ತೂರಿಸಿ, ದಪ್ಪನೆಯ ಹಗ್ಗಕ್ಕೆ ಗಂಟು ಹಾಕುತ್ತಿದ್ದ. ಹಗ್ಗದ ಇನ್ನೊಂದು ತುದಿಯನ್ನು ಮುಂದೆ ನಿಂತಿದ್ದ ಉದ್ದನೆಯ ಕಪ್ಪು ಕಾರಿಗೆ ಆಗಲೇ ಕಟ್ಟಿಯಾಗಿತ್ತು.

“ಮತ್ತೇನು, ಹೊಲಿಗೆ ದಾರದಲ್ಲಿ ಎಳೀಲಾ?” ಅಂದರು ಮದಾಂ ಇಸ್ಮತ್. ಕಪ್ಪು ಕಾರು ಅವರದು. ವಯಸ್ಸು ಎಪ್ಪತ್ತು ದಾಟಿದ್ದರೂ ಅವರ ದನಿ ಇಡೀ ಬೀದಿಗೆ ಕೇಳುತ್ತಿತ್ತು.

“ಬಾಬಾ, ಎಂಜಿನ್ ಇವತ್ತು ಬರುತ್ತೆ ಅಂದಿದ್ದೆ!”

“ಮೆಕ್ಯಾನಿಕ್ ಮುಂದಿನ ಶುಕ್ರವಾರ ಅಂದಿದಾನೆ ಕಣೇ. ದೇವರಿಟ್ಟ ಹಾಗಾಗುತ್ತೆ.”

“ಹೋದ ಶುಕ್ರವಾರಾನೂ ಅದನ್ನೇ ಅಂದಿದ್ದ!”

“ಅವನ ಮುಂದಿನ ಶುಕ್ರವಾರ ಯಾವತ್ತೂ ಮುಂದೇನೇ ಇರುತ್ತೆ, ಬಿಡು,” ಎಂದು ಮದಾಂ ನಕ್ಕರು. “ನಮ್ಮ ಕ್ಲಬ್ಬಲ್ಲಿ ಒಂದೇ ಮಾತು. ಗಾಡಿ ಕೆಟ್ಟರೂ ಶುಕ್ರವಾರ ಕೆಡಬಾರದು. ಕಾರು ಹತ್ತು, ಹತ್ತು!”

ಅಲೆಕ್ಸಾಂಡ್ರಿಯಾದ ಹಳೇ ಕಾರುಗಳ ಕ್ಲಬ್ ಅದು. ಪ್ರತಿ ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ ಕಾರುಗಳೆಲ್ಲ ಸಾಲಾಗಿ ಸಮುದ್ರದ ರಸ್ತೆ ಹಿಡಿದು ಕೋಟೆಯವರೆಗೆ ಹೋಗಬೇಕು. ಅಲ್ಲಿ ಚಹಾ ಕುಡಿದು, ಹರಟೆ ಹೊಡೆದು, ಮಧ್ಯಾಹ್ನದ ನಮಾಜಿಗೆ ಮೊದಲು ಮನೆಗೆ ಬರಬೇಕು. ಆ ಕ್ಲಬ್ಬಿನಲ್ಲಿ ಕಾರುಗಳಿಗೆಲ್ಲ ಹೆಸರಿದೆ, ಮನುಷ್ಯರಿಗೇ ಇಲ್ಲ. ರದ್ವಾಳ ಮನೆಯ ಕಾರು ಏಪ್ರಿಕಾಟ್ ಹಣ್ಣಿನ ಬಣ್ಣದ್ದು, ಜೀರುಂಡೆಯ ಹಾಗೆ ಗುಂಡಗಿದೆ. ಅದಕ್ಕೇ ಆ ಹಣ್ಣಿನ ಹೆಸರು, ಮಿಶ್ಮಿಶ್. ಬಾಬಾನನ್ನು ಎಲ್ಲರೂ ‘ಮಿಶ್ಮಿಶ್ ಅಪ್ಪ’ ಅಂತಾರೆ. ರದ್ವಾಳನ್ನು ‘ಮಿಶ್ಮಿಶ್ ತಂಗಿ’ ಅಂತಾರೆ. ಅವಳ ನಿಜವಾದ ಹೆಸರು ಇದುವರೆಗೆ ಯಾರೂ ಕೇಳಿಲ್ಲ. ಕ್ಲಬ್ಬಿನಲ್ಲಿ ಅವಳನ್ನು ಬಿಟ್ಟರೆ ಇನ್ನೊಂದು ಮಗೂ ಇಲ್ಲ.

“ಬಾಬಾ, ನಂಗೆ ಹೊಟ್ಟೆ ನೋವು,” ಅಂದಳು ರದ್ವಾ.

ಹೊಟ್ಟೆ ನೋವಲ್ಲ, ಮಣ್ಣೂ ಅಲ್ಲ. ಅವಳ ನೋವಿನ ಹೆಸರು ಇಂಜಿ.

ರದ್ವಾ ಈ ಊರಿಗೆ ಬಂದು ಎರಡು ತಿಂಗಳಾಗಿತ್ತು. ಬಾಬಾನಿಗೆ ಟ್ರಾಮ್ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿತು. ಅಷ್ಟರಲ್ಲೇ ಅಜ್ಜಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು, ಅಮ್ಮ ಅಜ್ಜಿಯನ್ನು ನೋಡಿಕೊಳ್ಳಲು ಹಳೇ ಊರು ತಾಂತಾದಲ್ಲೇ ಉಳಿದಳು. ಹೊಸ ಸ್ಕೂಲಿನಲ್ಲಿ ರದ್ವಾಗೆ ಕೊನೇ ಬೆಂಚು, ಅದರಲ್ಲಿ ಅವಳೊಬ್ಬಳೇ. ಆಟದ ಪೀರಿಯಡ್ಡಿನಲ್ಲಿ ಎರಡೆರಡು ಸಲ ನೀರು ಕುಡಿಯುತ್ತಾಳೆ. ಸರಿಯಾಗಿ ಕಟ್ಟಿದ್ದ ಶೂ ಲೇಸನ್ನು ಬಿಚ್ಚಿ ಮತ್ತೆ ಕಟ್ಟುತ್ತಾಳೆ. ಹಾಗೆ ಮಾಡಿದರೆ ಬೆಲ್ ಬೇಗ ಹೊಡೆಯುತ್ತೆ.

ಬುಧವಾರ ಮುಂದಿನ ಬೆಂಚಿನ ಇಂಜಿ ತಾನಾಗೇ ತಿರುಗಿ ರಬ್ಬರ್ ಕೇಳಿದಳು. ಎರಡು ತಿಂಗಳಲ್ಲಿ ಮೊದಲನೇ ಸಲ! ರದ್ವಾಗೆ ಏನು ಮಾತಾಡಬೇಕೋ ತಿಳಿಯದೆ ಬಾಯಿಗೆ ಬಂದದ್ದು ಹೇಳಿಬಿಟ್ಟಳು. “ನಮ್ಮ ಹತ್ರ ಹಳೇ ಕಾರಿದೆ, ಗೊತ್ತಾ? ಶುಕ್ರವಾರ ಬಾಬಾ ಸಮುದ್ರದ ರೋಡಲ್ಲಿ ಓಡಿಸ್ತಾನೆ. ಎಷ್ಟು ಸ್ಪೀಡು ಅಂದ್ರೆ, ಬೇರೆ ಕಾರುಗಳೆಲ್ಲ ಹಿಂದೆ!”

“ನಿಜವಾಗ್ಲೂ?” ಇಂಜಿ ಪೂರ್ತಿ ತಿರುಗಿ ಕೂತಳು. “ನಮ್ಮನೆ ಅದೇ ರೋಡಲ್ಲೇ ಇರೋದು. ಜ್ಯೂಸ್ ಅಂಗಡಿ ಮೇಲೆ, ಥರ್ಡ್ ಫ್ಲೋರು. ನಾನು ಬಾಲ್ಕನೀಲಿ ನಿಂತು ನೋಡ್ತೀನಿ. ನಿಜ ಆದ್ರೆ, ರಜೆ ಮುಗಿದು ಭಾನುವಾರ ಸ್ಕೂಲ್ ಶುರುವಾದಾಗಿಂದ ನೀನು ನನ್ ಬೆಂಚಲ್ಲಿ. ಸುಳ್ಳಾದ್ರೆ...” ಅವಳು ಮೂಗು ಮುರಿದು ತೋರಿಸಿದಳು.

ಈಗ ನೋಡಿದರೆ, ಹಗ್ಗ!

“ತುಂಬಾ ನೋವಾ?” ಬಾಬಾ ಎದ್ದು ಅವಳ ಹಣೆ ಮುಟ್ಟಿ ನೋಡಿದ. “ಹಾಗಾದ್ರೆ ಬೇಡ ಬಿಡು. ನೀನಿಲ್ಲದೆ ನಾನೂ ಹೋಗಲ್ಲ. ಹಗ್ಗ ನೋಡೋರು ಯಾರು?” ಅಂದವನೇ ಮತ್ತೆ ಕೂತು ಗಂಟು ಬಿಚ್ಚತೊಡಗಿದ.

ಏನೂ ಬೇಜಾರಿಲ್ಲ ಎನ್ನುವ ಹಾಗೆ ಮೆಲ್ಲಗೆ ಸಿಳ್ಳೆ ಬೇರೆ ಹಾಕುತ್ತಿದ್ದ. ಬಾಬಾ ಸಿಳ್ಳೆ ಹಾಕುವುದು ಬೇಜಾರಾದಾಗ ಮಾತ್ರ.

“ಈಗ ಸ್ವಲ್ಪ ಕಮ್ಮಿ ಆಯ್ತು,” ಎಂದು ರದ್ವಾ ಕಾರು ಹತ್ತಿದಳು.

ಹಗ್ಗ ಕಟ್ಟಿದ ಕಾರೆಂದರೆ ಸುಮ್ಮನೆ ಕೂತರೆ ಆಯಿತು ಅಂದುಕೊಳ್ಳಬೇಡಿ. ಮುಂದಿನ ಕಾರು ಎಳೆಯುತ್ತೆ, ಸರಿ. ಅದು ನಿಧಾನ ಮಾಡಿದರೆ ಹಗ್ಗ ಸಡಿಲವಾಗಿ ಜೋಲುತ್ತೆ. ಆಗ ಹಿಂದಿನವರು ಬ್ರೇಕ್ ಹಾಕದಿದ್ದರೆ ಹೋಗಿ ಗುದ್ದುವುದೇ. ಆದರೆ ಮಿಶ್ಮಿಶ್‌ನ ಗುಂಡು ಮೂತಿ ಅಡ್ಡ ಬಂದು ಬಾಬಾನಿಗೆ ಹಗ್ಗ ಕಾಣುವುದಿಲ್ಲ. ಸ್ಟೀರಿಂಗ್ ಎಡಗಡೆ ಇರುವ ಕಾರು ಅದು. ಆದ್ದರಿಂದ ರದ್ವಾ ಬಲಗಡೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಅದನ್ನೇ ನೋಡುತ್ತಿರಬೇಕು. ಜೋತ ಕೂಡಲೇ “ಹಗ್ಗ!” ಎಂದು ಕೂಗಬೇಕು.

ಸಾಲು ಹೊರಟಿತು. ಮಿಶ್ಮಿಶ್‌ನೊಳಗೆ ಎಂಜಿನ್ ಸದ್ದೇ ಇಲ್ಲ. ಬಲಗಡೆ ಸಮುದ್ರದ ಅಲೆ ಬಂಡೆಗೆ ಬಡಿಯುವುದು, ಟೈರು ಉರುಳುವುದು, ಎಲ್ಲಾ ಕೇಳುತ್ತಿತ್ತು.

“ಹಗ್ಗ!” ಎಂದಳು ರದ್ವಾ ಮೊದಲನೇ ಸಿಗ್ನಲ್ಲಿನಲ್ಲಿ. ಬಾಬಾ ಮೆತ್ತಗೆ ಬ್ರೇಕ್ ಒತ್ತಿದ. “ಹಗ್ಗ!” ಮತ್ತೆ ಬ್ರೇಕ್. “ಶಹಬ್ಬಾಸ್!” ಅಂದ ಬಾಬಾ.

ಪಕ್ಕದಲ್ಲಿ ಬಂದ ಟ್ಯಾಕ್ಸಿಯವನು ಕಿಟಕಿ ಇಳಿಸಿ ಕೇಳಿದ, “ಏನ್ ಸ್ವಾಮಿ, ಸಂತೆಯಿಂದ ಕತ್ತೆ ಹೊಡ್ಕೊಂಡು ಬಂದ್ರಾ?”

“ಕತ್ತೆ ಅಲ್ಲಪ್ಪಾ, ಮದುಮಗಳು. ನಾಚಿಕೆ, ತಾನಾಗೇ ನಡೆಯಲ್ಲ,” ಅಂದ ಬಾಬಾ. ಟ್ಯಾಕ್ಸಿಯವನು ಬಿದ್ದು ಬಿದ್ದು ನಕ್ಕ.

ರದ್ವಾಗೆ ನಗು ಬರಲಿಲ್ಲ. ದೂರದಲ್ಲಿ, ರಸ್ತೆಯ ಆ ಬದಿಗೆ, ಜ್ಯೂಸ್ ಅಂಗಡಿಯ ಹಳದಿ ಬೋರ್ಡು ಕಾಣಿಸಿತ್ತು. ಇಂಜಿ ನೋಡುತ್ತಾಳೆ. ಹಗ್ಗಾನೂ ನೋಡುತ್ತಾಳೆ. ಭಾನುವಾರ ಇಡೀ ಕ್ಲಾಸು ನಗುತ್ತೆ.

ಅವಳು ಕಿಟಕಿಯಿಂದ ತಲೆ ಎಳೆದುಕೊಂಡು ಸರ್ರನೆ ಸೀಟಿನ ಕೆಳಗೆ ಜಾರಿ, ಮುದುರಿ ಕೂತಳು.

“ರದ್ವಾ? ಏನಾಯ್ತೇ? ಮತ್ತೆ ಹೊಟ್ಟೆನಾ?” ಬಾಬಾ ಗಾಬರಿಯಾಗಿ ಇತ್ತ ತಿರುಗಿದ.

ಧಡ್!

ಮಿಶ್ಮಿಶ್ ಹೋಗಿ ಕಪ್ಪು ಕಾರಿನ ಹಿಂಭಾಗಕ್ಕೆ ಗುದ್ದಿತ್ತು. ಹಿಂದಿನ ಕಾರುಗಳೆಲ್ಲ ಕಿರ್ರೆಂದು ನಿಂತವು. ಹಾರ್ನ್ ಮೇಲೆ ಹಾರ್ನ್. ಮದಾಂ ಇಸ್ಮತ್ ಇಳಿದು ಬಂದು ತಮ್ಮ ಬಂಪರಿನ ಮೇಲೆ ಕೈ ಆಡಿಸಿದರು. ಫಳಫಳ ಹೊಳೆಯುವ ಬಂಪರಿನಲ್ಲಿ ಬೋಗುಣಿಯಂಥ ಒಂದು ತಗ್ಗು ಬಿದ್ದಿತ್ತು.

“ನನ್ನ ಗಂಡ ಮದುವೆಗೆ ಕೊಟ್ಟ ಕಾರು ಇದು,” ಅಂದರು. ಈ ಸಲ ಅವರ ದನಿ ಜೋರಾಗಿರಲಿಲ್ಲ. “ಇವತ್ತಿನವರೆಗೂ ಒಂದು ಗೀರು ಬಿದ್ದಿರಲಿಲ್ಲ. ಹಗ್ಗ ನೋಡ್ತಿದ್ದೋರು ಯಾರು?”

ರದ್ವಾ ಸೀಟಿನ ಕೆಳಗೆ ಇನ್ನಷ್ಟು ಮುದುರಿಕೊಂಡಳು.

“ತಪ್ಪು ನಂದು ಮದಾಂ,” ಅಂದ ಬಾಬಾ. “ಅವಳು ಕೂಗಿದಳು. ನಾನೇ ಬ್ರೇಕ್ ಲೇಟಾಗಿ ಹಾಕಿದೆ. ಡೆಂಟ್ ನಾನೇ ಸರಿ ಮಾಡಿ ಕೊಡ್ತೀನಿ.”

ಮದಾಂ ಹೋಗಿ ಕಾರಿನಲ್ಲಿ ಕೂತರು. ಆಗ ರದ್ವಾ ಮೆಲ್ಲಗೆ ತಲೆ ಎತ್ತಿ ರಸ್ತೆಯ ಆಚೆ ನೋಡಿದಳು. ಜ್ಯೂಸ್ ಅಂಗಡಿ. ಮೂರನೇ ಮಹಡಿ. ಬಾಲ್ಕನಿಯ ಬಾಗಿಲು ಮುಚ್ಚಿತ್ತು. ಒಣಹಾಕಿದ ಎರಡು ಟವೆಲ್ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಇಂಜಿ ನಿಂತಿರಲೇ ಇಲ್ಲ. ಬಹುಶಃ ಮರೆತೇಬಿಟ್ಟಿದ್ದಳು.

ಯಾರೂ ನೋಡಲಿಲ್ಲವಲ್ಲ ಎಂದು ಸಮಾಧಾನವಾಗಬೇಕಿತ್ತು. ಆದರೆ ರದ್ವಾಗೆ ಅಳು ಬಂತು.

ಕೋಟೆಯ ಹತ್ತಿರ ಎಲ್ಲರೂ ಇಳಿದರು. ತಳ್ಳುಗಾಡಿಯವನು ಅವರೆಯಂಥ ಕಾಳು ಬೇಯಿಸಿದ ಬಿಸಿ ಬಿಸಿ ಫೂಲ್, ರೊಟ್ಟಿ, ಚಹಾ ಕೊಡುತ್ತಿದ್ದ. ದೊಡ್ಡವರು ಕಾರುಗಳ ಮುಂದೆ ಗುಂಪು ಕಟ್ಟಿ ಕಾರ್ಬ್ಯುರೇಟರ್ ಬಗ್ಗೆ ಮಾತಾಡುತ್ತಿದ್ದರು. ರದ್ವಾ ಮಿಶ್ಮಿಶ್‌ನೊಳಗೇ ಕೂತು ನೋಡುತ್ತಿದ್ದಳು. ಬಾಬಾ ಗುಂಪಿನ ತುದಿಯಲ್ಲಿ ಚಹಾ ಲೋಟ ಹಿಡಿದು ನಿಂತಿದ್ದ. ಎಲ್ಲರೂ ನಕ್ಕ ಮೇಲೆ ಅವನು ನಗುತ್ತಿದ್ದ. ಯಾರಾದರೂ ತನ್ನ ಕಡೆ ತಿರುಗುತ್ತಾರಾ ಎಂದು ನೋಡುತ್ತಿದ್ದ. ಯಾರೂ ತಿರುಗದಿದ್ದರೆ ಲೋಟದೊಳಗೆ ನೋಡುತ್ತಿದ್ದ, ಚಹಾ ಮುಗಿದು ಹೋಗಿದ್ದರೂ.

ಖಾಲಿ ಲೋಟ ನೋಡುವುದು ಯಾಕೆ ಅಂತ ರದ್ವಾಗೆ ಚೆನ್ನಾಗಿ ಗೊತ್ತಿತ್ತು. ಅವಳು ಲೇಸ್ ಬಿಚ್ಚಿ ಕಟ್ಟುತ್ತಾಳಲ್ಲ, ಅದೂ ಅದಕ್ಕೇ.

ಅಷ್ಟರಲ್ಲಿ ಬಾಬಾನ ಫೋನ್ ಬಡಿದುಕೊಂಡಿತು. ಅವನು ಮಿಶ್ಮಿಶ್‌ನ ಹತ್ತಿರ ಬಂದು, ಬೆನ್ನು ಒರಗಿಸಿ ನಿಂತು ಮಾತಾಡಿದ. ಕಿಟಕಿ ತೆರೆದಿದ್ದು ಅವನಿಗೆ ನೆನಪಿರಲಿಲ್ಲ.

“ಹೂಂ, ಕೋಟೆ ಹತ್ರ ಇದೀವಿ... ಕಾರಾ? ಓಡಿಸ್ಕೊಂಡೇ ಬಂದೆ! ಎಂಜಿನ್ ಅಂದ್ರೆ ಹೂವು ಹೂವು... ಇಲ್ಲಿ? ಅಯ್ಯೋ, ಎಷ್ಟು ಜನ ಫ್ರೆಂಡ್ಸು! ಬಿಡೋದೇ ಇಲ್ಲ ನನ್ನ... ರದ್ವಾಗೂ ಅಷ್ಟೇ, ಕ್ಲಾಸಲ್ಲಿ ತುಂಬಾ ಜನ ಸ್ನೇಹಿತೆಯರಂತೆ. ಅವಳೇ ಹೇಳಿದಳು. ನೀನು ನಮ್ಮ ಚಿಂತೆ ಬಿಡು, ಅತ್ತೇನ ನೋಡ್ಕೋ.”

ಫೋನ್ ಇಟ್ಟು ಬಾಬಾ ಸಮುದ್ರ ನೋಡುತ್ತಾ ನಿಂತ.

“ಬಾಬಾ.”

ಅವನು ಬೆಚ್ಚಿ ತಿರುಗಿದ. ಮುಖ ಕೆಂಪಾಯಿತು. “ಕೇಳಿಸ್ಕೊಂಡ್ಯಾ? ಅದು... ಅಮ್ಮನಿಗೆ ಅಲ್ಲಿ ಇರೋ ಚಿಂತೇನೇ ಸಾಕು. ಅದಕ್ಕೇ...”

“ಬಾಬಾ, ನಂಗೆ ಸ್ಕೂಲಲ್ಲಿ ಯಾರೂ ಇಲ್ಲ,” ಅಂದಳು ರದ್ವಾ. “ಒಬ್ಬರೂ ಇಲ್ಲ. ನಾನು ಸುಳ್ಳು ಹೇಳಿದ್ದೆ.”

ಆಮೇಲೆ ಎಲ್ಲವೂ ಹೊರಗೆ ಬಂತು. ಇಂಜಿ, ಬೆಂಚು, ಸ್ಪೀಡಿನ ಮಾತು, ಸೀಟಿನ ಕೆಳಗೆ ಮುದುರಿ ಕೂತದ್ದು. ಬಾಬಾ ಬಾಗಿಲು ತೆಗೆದು ಬಂದು ಪಕ್ಕದಲ್ಲಿ ಕೂತ. ಬೈಯಲಿಲ್ಲ. ಸ್ಟೀರಿಂಗ್ ಮೇಲಿನ ಬಿರುಕನ್ನು ಬೆರಳಿನಿಂದ ಸವರುತ್ತಿದ್ದ.

“ನಂಗೂ ವರ್ಕ್‌ಶಾಪಲ್ಲಿ ಯಾರೂ ಇಲ್ಲ ಕಣೇ,” ಅಂದ. “ಊಟಕ್ಕೆ ಒಬ್ಬನೇ ಕೂತ್ಕೋತೀನಿ. ಎಂಜಿನ್ ಇಲ್ಲದಿದ್ರೂ ಶುಕ್ರವಾರ ಬರೋದು ಯಾಕೆ ಅಂದ್ಕೊಂಡೆ?”

ರದ್ವಾ ಇಳಿದು ನೇರ ಮದಾಂ ಇಸ್ಮತ್ ಹತ್ತಿರ ಹೋದಳು. “ಮದಾಂ, ಬಾಬಾ ತಪ್ಪಲ್ಲ. ಹಗ್ಗ ನೋಡ್ಬೇಕಾಗಿದ್ದು ನಾನು. ನೋಡ್ಲಿಲ್ಲ.”

ಮದಾಂ ಕನ್ನಡಕದ ಮೇಲಿಂದ ಅವಳನ್ನು ನೋಡಿದರು. “ನಿನ್ ಹೆಸರೇನೇ?”

“ರದ್ವಾ.”

“ಕೋಪ ಇನ್ನೂ ಇಳಿದಿಲ್ಲ ನಂಗೆ, ರದ್ವಾ. ಸಂಜೆ ಹೊತ್ತಿಗೆ ಇಳೀಬಹುದು,” ಅಂದರು ಮದಾಂ. “ಹೋಗುವಾಗ ಹಗ್ಗ ಯಾರು ನೋಡ್ತಾರೆ?”

“ನಾನೇ.”

ವಾಪಸ್ ಬರುವಾಗ ಸಾಲು ರಸ್ತೆಯ ಇನ್ನೊಂದು ಬದಿಯಲ್ಲಿತ್ತು, ಕಟ್ಟಡಗಳ ಪಕ್ಕದಲ್ಲೇ. ಅಂದರೆ ರದ್ವಾಳ ಕಿಟಕಿ ಕಡೆಗೇ. ಜ್ಯೂಸ್ ಅಂಗಡಿಯ ಹಳದಿ ಬೋರ್ಡು ಬರುವ ಮೊದಲೇ ಮೇಲಿಂದ ಒಂದು ಕೂಗು ಕೇಳಿತು.

“ರದ್ವಾ! ಏ ರದ್ವಾ!”

ಇಂಜಿ! ಕೆದರಿದ ಕೂದಲು, ರಾತ್ರಿಯ ಪೈಜಾಮಾ, ಕೈಯಲ್ಲಿ ಅರ್ಧ ತಿಂದ ರೊಟ್ಟಿ. ಈಗಷ್ಟೇ ಎದ್ದಿದ್ದಳು. ಪಕ್ಕದಲ್ಲಿ ಅವಳ ಇಬ್ಬರು ಅಣ್ಣಂದಿರು.

“ಲೋ, ಹಗ್ಗ ನೋಡ್ರೋ! ಕಾರಿಗೆ ಹಗ್ಗ ಕಟ್ಟಿದಾರೆ!” ಅಣ್ಣಂದಿರು ಕಂಬಿ ಬಡಿದು ನಗತೊಡಗಿದರು.

ರದ್ವಾಳ ಕಿವಿ ಬಿಸಿಯಾಯಿತು. ಸೀಟಿನ ಕೆಳಗೆ ಅವಳಿಗೆ ಬೇಕಾದಷ್ಟು ಜಾಗ ಇತ್ತು. ಪಕ್ಕದಲ್ಲಿ ಬಾಬಾ ಬ್ರೇಕಿನ ಮೇಲೆ ಕಾಲಿಟ್ಟು ಕಾಯುತ್ತಿದ್ದ.

ಮುಂದೆ ಒಂದು ಮಿನಿ ಬಸ್ಸು ತಟಕ್ಕನೆ ನಿಂತಿತು. ಕಪ್ಪು ಕಾರು ನಿಧಾನವಾಯಿತು. ಹಗ್ಗ ಜೋಲತೊಡಗಿತು.

ರದ್ವಾ ಸೊಂಟದವರೆಗೂ ಕಿಟಕಿಯಿಂದ ಹೊರಗೆ ಬಾಗಿದಳು.

“ಬಾಬಾ, ಹಗ್ಗ!” ಎಂದು ಕೂಗಿದಳು. ಮೂರನೇ ಮಹಡಿಗೂ ಕೇಳಿಸುವಷ್ಟು ಜೋರಾಗಿ.

ಬಾಬಾ ಬ್ರೇಕ್ ಒತ್ತಿದ. ಮಿಶ್ಮಿಶ್ ಮೆತ್ತಗೆ ನಿಂತಿತು. ಎರಡು ಕಾರಿನ ನಡುವೆ ಒಂದು ಮೊಳ ಜಾಗ ಉಳಿದಿತ್ತು. ಬಸ್ಸು ಹೊರಟಿತು, ಹಗ್ಗ ಮತ್ತೆ ಬಿಗಿಯಾಯಿತು.

ಬಾಲ್ಕನಿ ಹಿಂದೆ ಸರಿಯುವಾಗ ರದ್ವಾ ಒಂದೇ ಸಲ ತಿರುಗಿ ನೋಡಿ ಕೈ ಎತ್ತಿದಳು. ಅಣ್ಣಂದಿರು ಇನ್ನೂ ನಗುತ್ತಿದ್ದರು. ಇಂಜಿ ಮಾತ್ರ ನಗುತ್ತಿರಲಿಲ್ಲ. ಕಂಬಿಯ ಮೇಲೆ ಬಗ್ಗಿ ನೋಡುತ್ತಿದ್ದಳು. ಅವಳ ಕೈಯೂ ಮೇಲಿತ್ತು, ಆದರೆ ಅದು ಟಾಟಾ ಮಾಡಿದ್ದೋ, ರೊಟ್ಟಿ ಹಿಡಿದಿದ್ದೋ, ಅಷ್ಟು ದೂರದಿಂದ ಗೊತ್ತಾಗಲಿಲ್ಲ.

ಭಾನುವಾರ ಗೊತ್ತಾಗುತ್ತೆ. ಮುಂದೆ ಸಿಗ್ನಲ್ ಕೆಂಪಾಗುವುದರಲ್ಲಿತ್ತು. ರದ್ವಾ ಮತ್ತೆ ಹಗ್ಗದ ಕಡೆ ತಿರುಗಿದಳು.