ಹಳದಿಯೋ ಹಸಿರೋ, ನೀವೇ ಹೇಳಿ ಟೀಚರ್!

"ಮೀನು ಕೊಡೋದಿಲ್ಲ."

ಸಾಕುಮೀನಿನ ಅಂಗಡಿಯವನು ಇಷ್ಟೇ ಹೇಳಿ ಗಾಜು ಒರೆಸತೊಡಗಿದ. ಗಣಿತದ ಟೀಚರಿಗೆ ಮೈಯೆಲ್ಲ ಉರಿಯಿತು.

"ಗಾಜಿನ ತೊಟ್ಟಿ ಮಾರಿದ್ರಿ, ಸಮುದ್ರದ ಉಪ್ಪು ಮಾರಿದ್ರಿ. ಮೀನಿಗೆ ಮಾತ್ರ ಏನು ರೋಗ?"

"ನೀರು ಹೊಸದು ಟೀಚರ್. ಹೊಲಸಿನಿಂದ ಅಮೋನಿಯಾ ಹುಟ್ಟುತ್ತೆ, ಅದು ಮೀನಿಗೆ ವಿಷ. ಆ ವಿಷ ತಿನ್ನೋ ಸೂಕ್ಷ್ಮಜೀವಿಗಳು ಮೊದಲು ತೊಟ್ಟಿಯೊಳಗಿನ ಕಲ್ಲಿನ ಮೇಲೆ ಬೆಳೀಬೇಕು. ದಿನಾ ಚಿಟಿಕೆ ಮೀನಿನ ಆಹಾರ ಹಾಕಿ, ಕೊಳೀಲಿ. ವಾರ ವಾರ ನಾನೇ ಬಂದು ನೀರು ಪರೀಕ್ಷೆ ಮಾಡ್ತೀನಿ. ಒಂದೂವರೆ ತಿಂಗಳು ಬೇಕು."

"ಹಾಸಿಗೆ ಹಿಡಿದಿರೋ ನಮ್ಮಪ್ಪನಿಗೆ ಅಲ್ಲೀತನಕ ಖಾಲಿ ನೀರು ತೋರಿಸ್ಲಾ?"

"ಸತ್ತ ಮೀನು ತೋರಿಸೋದಕ್ಕಿಂತ ವಾಸಿ."

ಎಷ್ಟು ಧಿಮಾಕು! ಆದರೂ... ಕೈಗೆ ಬಂದ ವ್ಯಾಪಾರವನ್ನು ಬಿಟ್ಟು ನಿಜ ಹೇಳುವ ಮನುಷ್ಯನನ್ನು ಅವಳು ಅದೇ ಮೊದಲು ಕಂಡದ್ದು.

ಅವಳ ತಂದೆ ಮೂವತ್ತು ವರ್ಷ ಹಡಗಿನಲ್ಲಿ ಅಡುಗೆ ಮಾಡಿದವರು. ಈಗ ಸೊಂಟ ಮುರಿದು ಮಲಗಿದ್ದರು. ಸಮುದ್ರವನ್ನು ಅವರ ಮಂಚದ ಪಕ್ಕಕ್ಕೇ ತರಬೇಕೆಂಬುದು ಮಗಳ ಹಟ.

"ಸಮುದ್ರವೇನೋ ಬಂತು, ಮೀನುಗಳಿಗೆ ಇನ್ನೂ ಟಿಕೆಟ್ ಸಿಗಲಿಲ್ವಾ?" ಎಂದು ಅವರು ದಿನವೂ ಕೇಳುತ್ತಿದ್ದರು.

ಪ್ರತಿ ಭಾನುವಾರ ಅಂಗಡಿಯವನು ಬಂದು, ಸಣ್ಣ ಗಾಜಿನ ಕೊಳವೆಯಲ್ಲಿ ನೀರು ಹಿಡಿದು, ಅದಕ್ಕೆ ಔಷಧಿಯ ಹನಿ ಬಿಡುತ್ತಿದ್ದ. ನೀರು ಹಳದಿಯಾದರೆ ವಿಷವಿಲ್ಲ, ಹಸಿರಾದರೆ ಇದೆ.

"ಬಣ್ಣ ನೀವೇ ಹೇಳಿ ಟೀಚರ್."

"ಹಸಿರು."

ಹಾಗೆ ಕೇಳುವಾಗ ಅವನ ನೋಟ ಕೊಳವೆಯ ಮೇಲಿರುತ್ತಿರಲಿಲ್ಲ, ಅವಳ ಮುಖದ ಮೇಲಿರುತ್ತಿತ್ತು. ಅವಳ ಕೆನ್ನೆ ಬಿಸಿಯಾಗುತ್ತಿತ್ತು.

"ಉಪ್ಪುನೀರಿನ ಡಾಕ್ಟ್ರು ಬರೋ ದಿನ ಈ ಮನೇಲಿ ಪೌಡರ್ ಖರ್ಚು ಜಾಸ್ತಿ," ಎಂದು ತಂದೆ ಗೋಡೆಗೆ ಹೇಳುತ್ತಿದ್ದರು.

ಆರನೆಯ ಭಾನುವಾರ ಅವಳಿಗೆ ಪರೀಕ್ಷಾ ಕೇಂದ್ರದಲ್ಲಿ ಕೆಲಸವಿತ್ತು. ಮರಳಿ ಬಂದಾಗ ತೊಟ್ಟಿಯಲ್ಲಿ ಎರಡು ಕಿತ್ತಳೆ ಬಣ್ಣದ ಮೀನುಗಳು! ತಂದೆಯ ಕಣ್ಣಲ್ಲಿ ನೀರು! ವಾರ ವಾರದ ಬಣ್ಣ ಬರೆದಿಡುವ ಪುಸ್ತಕದಲ್ಲಿ ಅವನ ದುಂಡನೆಯ ಅಕ್ಷರ: ಹಳದಿ. ಅಮೋನಿಯಾ ಇಲ್ಲ.

ಬುಧವಾರ ಬೆಳಿಗ್ಗೆ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಅವನು ಬಿಟ್ಟುಹೋಗಿದ್ದ ಔಷಧಿಯಿಂದ ಅವಳೇ ಪರೀಕ್ಷೆ ಮಾಡಿದಳು.

ಹಸಿರು... ಸಂಶಯಕ್ಕೆ ಎಡೆಯೇ ಇಲ್ಲದಂತಹ ಹಸಿರು! ಹಳದಿಯಾಗಿದ್ದ ನೀರು ಮೂರೇ ದಿನದಲ್ಲಿ ಹೀಗಾಗುವುದಿಲ್ಲ.

ಮಕ್ಕಳ ತಪ್ಪು ಉತ್ತರವನ್ನು ಅವಳು ಕ್ಷಮಿಸುತ್ತಿದ್ದಳು. ನೋಡದೆಯೇ ಬರೆದ ಉತ್ತರವನ್ನು ಎಂದೂ ಕ್ಷಮಿಸಿದವಳಲ್ಲ. ಸುಳ್ಳುಗಾರ! ಇಂಥವನಿಗಾಗಿಯೇ ನಾನು ಭಾನುವಾರಗಳನ್ನು ಎಣಿಸಿದೆನೇ?

ಆದರೆ ಮಾಡುವುದೇನು? ವಿಷದ ನೀರನ್ನು ಕೂಡಲೇ ಬದಲಾಯಿಸಬೇಕು. ನಲ್ಲಿಯಲ್ಲಿ ನೀರೇನೋ ಧಾರಾಳವಾಗಿತ್ತು. ಆದರೆ ಆ ಸಿಹಿನೀರನ್ನು ಸುರಿದರೆ ಸಮುದ್ರದ ಮೀನು ಬದುಕುವುದಿಲ್ಲ. ಈಗ ಉಪ್ಪು ಬೆರೆಸಿದರೆ ಅದು ಹದಕ್ಕೆ ಬರಲು ನಾಳೆಯಾಗುತ್ತದೆ. ಹದವಾದ ನೀರು ಇದ್ದದ್ದು ಅವನ ಅಂಗಡಿಯಲ್ಲಿ ಮಾತ್ರ. ವಂಚಿಸಿದವನನ್ನೇ ಅಂಗಲಾಚುವ ಗತಿ! ಅವನಿಗೇ ಫೋನ್ ಮಾಡಿದಳು.

ಅವನು ಎರಡು ಕ್ಯಾನ್ ಹೊತ್ತು ಓಡಿ ಬರುವಷ್ಟರಲ್ಲಿ ಒಂದು ಮೀನು ಮರಳಿನ ಮೇಲೆ ಅಡ್ಡ ಬಿದ್ದಿತ್ತು. ತಂದೆ ಗೋಡೆಯ ಕಡೆಗೆ ಮುಖ ತಿರುಗಿಸಿದ್ದರು.

ಅರ್ಧ ನೀರು ಬದಲಾದ ಮೇಲೆ ಅವಳು ಅವನತ್ತ ತಿರುಗಿದಳು.

"ಹಳದಿ ಅಂತ ಸುಳ್ಳು ಯಾಕೆ ಬರೆದ್ರಿ?"

"ತಪ್ಪು ನಂದೇ ಟೀಚರ್."

"ಅದು ಉತ್ತರ ಅಲ್ಲ!"

ಅವನ ತಲೆ ತಗ್ಗಿತು. "ನನಗೆ... ಹಳದಿಗೂ ಹಸಿರಿಗೂ ವ್ಯತ್ಯಾಸ ಕಾಣಲ್ಲ. ಹುಟ್ಟಿನಿಂದ. ಅಂಗಡೀಲಿ ನಮ್ಮಕ್ಕ ನೋಡಿ ಹೇಳೋಳು. ಅವಳು ಮದುವೆಯಾಗಿ ದೂರ ಹೋದಳು. ಹೇಳಿಕೊಂಡ್ರೆ ಯಾರು ಕೆಲಸ ಕೊಡ್ತಾರೆ ಅಂತ ಮುಚ್ಚಿಟ್ಟೆ."

"ಹಾಗಾದ್ರೆ ಆವತ್ತು ಬರೀ ಊಹೆನಾ?"

ಅವನು ಕ್ಯಾನುಗಳ ಮುಚ್ಚಳ ಬಿಗಿಯತೊಡಗಿದ. ಮಾತಾಡಿದ್ದು ಮಂಚ.

"ಅವನು ನನ್ನ ಕೇಳಿದ ಕಣಮ್ಮಾ. 'ಯಜಮಾನ್ರೇ, ಬಣ್ಣ ಯಾವುದು' ಅಂದ. ಪೊರೆ ಬಂದ ಕಣ್ಣು ನಂದು, ನನಗೆಲ್ಲಿ ಕಾಣ್ಬೇಕು? ಹಳದಿ ಅಂದ್ಬಿಟ್ಟೆ... ಮೀನು ನೋಡೋ ಆಸೆ." ಮುದುಕನ ದನಿ ಒಡೆಯಿತು. "ನಾನೇ ಕೊಂದೆ ಅದನ್ನ."

ಅವಳು ಮಂಚದ ಅಂಚಿನಲ್ಲಿ ಕುಳಿತಳು. ಯಾರನ್ನು ಬಯ್ಯುವುದು? ಅಪ್ಪನ ಆಸೆಯನ್ನೇ? ಅಪ್ಪನ ಹೆಸರೆತ್ತದೆ ತಪ್ಪನ್ನು ತನ್ನ ಮೇಲೆ ಹಾಕಿಕೊಂಡ ಇವನನ್ನೇ?

"ಇನ್ನೊಂದು... ಉಳಿಯುತ್ತಾ?"

"ಗೊತ್ತಿಲ್ಲ ಟೀಚರ್. ನಾಳೆ ಮತ್ತೆ ನೀರು ಬದಲಾಯಿಸ್ಬೇಕು. ಅದಕ್ಕಿಂತ ಹೆಚ್ಚಿನದು ನನ್ನ ಕೈಲಿಲ್ಲ."

ಕೇಳಬಾರದೆಂದುಕೊಂಡರೂ ಬಾಯಿಗೆ ಬಂದೇಬಿಟ್ಟಿತು. "ಅಂದ್ರೆ ಪ್ರತಿ ವಾರ ನನ್ನನ್ನ ಬಣ್ಣ ಕೇಳಿದ್ದು... ಬರೀ ನಿಮ್ಮ ಕೆಲಸ ಆಗ್ಲಿ ಅಂತಾನಾ?"

"ಮೊದಲನೇ ವಾರ ಹೌದು." ಅವನ ಕಿವಿಗಳು ಕೆಂಪಾದವು. "ಆಮೇಲೆ ಫೋಟೋ ಕಳಿಸಿ ಅಕ್ಕನ್ನ ಕೇಳಬಹುದಿತ್ತು. ಕಳಿಸಲಿಲ್ಲ. ನೀವು ಬಣ್ಣ ಹೇಳೋದನ್ನ ಕೇಳೋಕೇ ನಾನು ವಾರವೆಲ್ಲ ಕಾಯ್ತಿದ್ದೆ."

ಅವಳ ಎದೆ ಡವಗುಟ್ಟಿತು. ಆದರೂ ನ್ಯಾಯ ನ್ಯಾಯವೇ!

"ಬೇರೆ ಮನೆಗಳಲ್ಲಿ ಬಣ್ಣ ಯಾರು ಹೇಳ್ತಾರೆ?"

"ಯಾರಾದ್ರೂ ಇದ್ರೆ ಅವರು. ಇಲ್ಲದಿದ್ರೆ ಅಕ್ಕನಿಗೆ ಫೋಟೋ. ಅವಳೂ ಸಿಗದಿದ್ರೆ... ಊಹೆ."

"ಎಷ್ಟು ಮನೆ?"

"ಹನ್ನೊಂದು."

"ಒಂದೊಂದು ಮನೆಗೂ ಹೋಗಿ ನಿಜ ಹೇಳಿ. ಇವತ್ತೇ."

"ಅಂಗಡಿ ಮುಚ್ಚಿಹೋಗುತ್ತೆ ಟೀಚರ್..."

"ಮುಚ್ಚಲಿ! ಊಹೆ ಮೇಲೆ ಜೀವಗಳನ್ನ ಬಿಡೋ ಅಂಗಡಿ ಯಾಕೆ ಬೇಕು?" ಅವಳು ಎದ್ದು ಕಣ್ಣೊರೆಸಿಕೊಂಡು, ಚಪ್ಪಲಿ ಮೆಟ್ಟಿದಳು. "ನಡೀರಿ, ನಾನೂ ಬರ್ತೀನಿ. ನಿಜ ನೀವು ಹೇಳಿ, ಬಣ್ಣ ನಾನು ಹೇಳ್ತೀನಿ."

ಅವನು ನಂಬಲಾಗದವನಂತೆ ನಿಂತೇ ಇದ್ದ.

"ಹನ್ನೊಂದು ಮನೆ ಮುಗಿದ ಮೇಲೆ... ಟೀಚರ್?"

ಅವಳು ಮಂಚದ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದಳು.

"ಹನ್ನೆರಡನೇದು ಇದೇ ಮನೆ. ಇಲ್ಲಿ ಕೇಳ್ಬೇಕಾದ್ದನ್ನ ಅಪ್ಪನ ಹತ್ರ ನೀವೇ ಕೇಳ್ಬೇಕು."