ಸಮುದ್ರದಾಚೆ ಅಚ್ಚಾದ ಕುಲ

"ನಿಲ್ಲಿ! ನಿಲ್ಲಿ ವಾದ್ಯಾರೇ...!"

ಪಂಕಜಂ ಕೂಗಿದ್ದು ತಡವಾಯಿತು. ಕೊಯಮತ್ತೂರಿನ ಬಳಿಯ ಸೂಲೂರಿನಲ್ಲಿ, ಕನ್ನಡ ಮನೆಮಾತಿನ ನೇಕಾರರ ಬೀದಿಯುದ್ದಕ್ಕೂ ಗಂಜಿ ಹಚ್ಚಿ ಬಿಗಿದಿದ್ದ ಮಗ್ಗದ ಹಾಸಿನ ನೂಲಿಗೆ ದೇವರಾಜನ್ ಹೋಗಿ ಎದೆ ಕೊಟ್ಟೇಬಿಟ್ಟಿದ್ದ. ಕಣ್ಣು ಕೈಯಲ್ಲಿದ್ದ ಪುಸ್ತಕದ ಮೇಲೆ! ಪಟಪಟನೆ ಎಳೆಗಳು ಹರಿದವು.

"ಕಣ್ಣೇನು ಮನೇಲಿ ಇಟ್ಬುಟ್ಟು ಬಂದ್ರಾ?"

"ಪಂಕಜಂ, ಬಂದ್ಬುಡ್ತು! ನಾ ಬರ್ದಿದ್ದು ಆಸ್ಟ್ರೇಲಿಯಾದಲ್ಲಿ ಅಚ್ಚಾಗದೆ!"

ಸಾವಿರದೊಂಬೈನೂರ ಮೂವತ್ತಾರರ ಸಂಕ್ರಾಂತಿಯ ತೈ ತಿಂಗಳು ಅದು. ತಿರುಪ್ಪೂರಿನ ಕಡೆಯಿಂದ ಬಂದು ಊರಿನ ಶಾಲೆಗೆ ಮೇಷ್ಟ್ರು, ಎಂದರೆ ವಾದ್ಯಾರ್, ಆಗಿದ್ದ ಅದೇ ಜಾತಿಯ ದೇವರಾಜನ್ ಸಂಜೆಯಾದರೆ ಪಂಕಜಂಳ ತಾತ ಮಯಿಲ್‌ಸಾಮಿಯ ಜಗಲಿಗೆ ಹಾಜರ್. ಹಳೆಯ ಕಾಲದ ಸಂಗತಿ ಕೇಳುವುದು ನೆಪ. ಒಳಗೆ ಮಗ್ಗದಲ್ಲಿದ್ದವಳನ್ನು ಕದ್ದು ನೋಡುವುದೇ ಕಸುಬು! ಅವಳಿಗೂ ಗೊತ್ತಿತ್ತು. ಗೊತ್ತಿದ್ದೇ ಲಾಳಿ ಕೈತಪ್ಪುತ್ತಿತ್ತು.

ಅವನು ಇಂಗ್ಲಿಷಿನಲ್ಲಿ ಬರೆದದ್ದನ್ನು ಕೊಯಮತ್ತೂರಿನ ಆಸ್ಪತ್ರೆಯಲ್ಲಿದ್ದ ಆಸ್ಟ್ರೇಲಿಯಾದ ನರ್ಸಮ್ಮ ತನ್ನ ದೇಶದ ಪತ್ರಿಕೆಗೆ ಕಳಿಸಿದ್ದಳು. ಆ ಪತ್ರಿಕೆಯ ಪುಸ್ತಕವೇ ಈಗ ಹಡಗು ಹತ್ತಿ ಬಂದಿತ್ತು.

"ಕೇಳು, ಕನ್ನಡದಲ್ಲಿ ಹೇಳ್ತೀನಿ... ನಾನು ನೇಕಾರರ ಮನೆ ಮಗ. ನಮ್ಮ ಕುಲ..."

ಮುಂದೆ ಅವನು ಓದಿದ್ದು ಅವಳದೇ ಕುಲದ ಹೆಸರು!

ಅವರ ಜಾತಿಯೊಳಗೆ ಕುಲವೆಂದರೆ ಗೋತ್ರದ ಹಾಗೆ; ಒಂದೇ ಕುಲವೆಂದರೆ ಅಣ್ಣ-ತಂಗಿ. ಯಾವ ಊರಲ್ಲಿ ಹುಟ್ಟಿದ್ದರೂ ಅಷ್ಟೇ.

'ಇಷ್ಟು ದಿನ ನಾನು ಆಸೆಪಟ್ಟದ್ದು... ದೇವರೇ!'

ನಿಜವೇ ಎಂದು ಕೇಳಿಬಿಡಬಹುದಿತ್ತು. ಆದರೆ ಅವರಲ್ಲಿ ಕುಲ ಕೇಳುವುದೆಂದರೆ ಮದುವೆಯ ಮಾತೆತ್ತಿದಂತೆ. ಅದು ದೊಡ್ಡವರ ಕೆಲಸ. ಕನ್ನೆಹುಡುಗಿ ಗಂಡಸಿನೆದುರು ನಿಂತು ಕೇಳಿದರೆ, 'ನನ್ನನ್ನು ಕಟ್ಟಿಕೋ' ಎಂದಂತೆಯೇ!

ಅವಳು ಒಳಗೆ ಹೋದಳು. ಮತ್ತೆ ಅವನ ಕಣ್ಣಿಗೆ ಬೀಳಲಿಲ್ಲ. ಹರಿದ ನೂಲಿಗೆ ಕೋಪವೆಂದುಕೊಂಡ ದೇವರಾಜನ್ ಜಗಲಿಯಲ್ಲಿ ಕೂತು ಪೆಚ್ಚಾಗಿ ಎದ್ದು ಹೋಗುತ್ತಿದ್ದ. ಇಂಗ್ಲಿಷ್ ಓದಿದ್ದೇ ಬಂತು, ಹುಡುಗಿಯ ಮನಸ್ಸು ತಿಳಿಯಲಿಲ್ಲ ಪುಣ್ಯಾತ್ಮನಿಗೆ!

ಒಂದು ಮಧ್ಯಾಹ್ನ ತಾಯಿ ನಾಚಿಯಮ್ಮ ಪಕ್ಕ ಬಂದು ಕೂತಳು.

"ಮದುಕ್ಕರೈಯಿಂದ ಗಂಡಿನೋರು ಬರ್ತೀವಿ ಅಂತ ಹೇಳಿ ಕಳ್ಸವ್ರೆ. ಸಾಯಂಕಾಲ ನಿಮ್ಮಪ್ಪ ಸೆರಿ ಅಂದ್ಬುಡ್ತಾರೆ. ನಿನ್ನ ಮನಸಲ್ಲಿ ಏನಾರ ಇದ್ರೆ ಈಗ್ಲೇ ಹೇಳು ನನ್ ಕಣ್ಣೇ."

ಪಂಕಜಂ ಎದ್ದವಳೇ ಕೆರೆಯ ಏರಿಗೆ ಓಡಿದಳು. ಶಾಲೆ ಬಿಟ್ಟು ದೇವರಾಜನ್ ಒಬ್ಬನೇ ಬರುತ್ತಿದ್ದ.

"ವಾದ್ಯಾರೇ... ನೀವು ಯಾವ ಕುಲ?"

ಅವನ ಕೈಯಲ್ಲಿದ್ದ ಕೊಡೆ ಕೆಳಗೆ ಬಿತ್ತು.

"ಏ... ಏನು ಕೇಳ್ದೆ?"

"ಕೇಳಿಸ್ತಲ್ಲ! ಪುಸ್ತಕದಲ್ಲಿ ನಮ್ಮ ಕುಲ ಹಾಕಿದ್ರಿ. ನೀವು ನಂಗೆ ಅಣ್ಣ ಆಗ್ಬೇಕಾ?" ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ಅಯ್ಯಯ್ಯೋ, ಅದು ಕತೆ ಪಂಕಜಂ! ಆ ಪುಸ್ತಕದಲ್ಲಿ ಪದ್ಯ ಇರ್ತದೆ, ಸ್ವಂತ ಬಾಳಿನ ನೆನಪು ಬರ್ದೋರೂ ಇರ್ತಾರೆ. ನಂದು ಬರೀ ಕತೆ. ತಾತ ಹೇಳಿದ್ದನ್ನ ನಿಮ್ಮ ಮನೆ ಮಗ ಒಬ್ಬ ಹೇಳ್ದಂಗೆ ಬರ್ದೆ. ನಮ್ಮ ಕುಲಾನೇ ಬೇರೆ! ನಿಮಗೂ ನಮಗೂ ಹೆಣ್ಣು ಕೊಟ್ಟು ತರೋದು ಹಿಂದಿಂದ ಉಂಟು!"

ಪಂಕಜಂ ಅಲ್ಲೇ ಏರಿಯ ಮೇಲೆ ಕೂತಳು. ಎಷ್ಟು ದಿನಗಳಿಂದ ಕಟ್ಟಿದ್ದ ಉಸಿರೋ! ಅಳುತ್ತಲೇ ನಗು ಬಂತು. ಎದೆ ಹಗುರಾಗಿ, ಕೆರೆಯ ಗಾಳಿ ಹಿತವೆನಿಸಿತು.

"ಯಾಕೆ ಹಂಗೆ ಬರೀಬೇಕಿತ್ತು?"

"ಕತೇಲಾದ್ರೂ ದಿನವೆಲ್ಲ ನಿಮ್ಮನೇಲಿ ಇರ್ಬೋದಲ್ಲ ಅಂತ..."

"ಅದಕ್ಕೆ ಮಗ ಅಂತ ಬರಿಯೋದಾ? ಅಳಿಯ ಅಂತ ಬರಿಯೋಕೆ ಕೈ ನೋಯ್ತಿತ್ತಾ?"

ದೇವರಾಜನ್ ಬಿದ್ದ ಕೊಡೆ ಎತ್ತಿಕೊಂಡ.

"ಅದನ್ನ ಬರಿಯಲ್ಲ. ನಿಮ್ಮಪ್ಪನ ಮುಂದೆ ನಿಂತು ಬಾಯಲ್ಲೇ ಹೇಳ್ತೀನಿ."

"ಯಾವಾಗ?"

"ನೀ ಹೇಳ್ದಾಗ."

ಪಂಕಜಂ ಕಣ್ಣೊರೆಸಿಕೊಂಡು ಎದ್ದಳು.

"ಹಂಗಾದ್ರೆ ಓಡಿ ವಾದ್ಯಾರೇ... ಅಪ್ಪ ಮದುಕ್ಕರೈ ಗಂಡಿನೋರಿಗೆ ಸೆರಿ ಅನ್ನೋ ಮುಂಚೆ!"